ಒಡಪು ಬಿಟ್ಟು ಬೈಗುಳ ಒಯ್ದ ಯಂತ್ರ ಮಹಾಶಯರಿಗೆ

ಬೇಡಕಿಹಾಳ,
ಭಾದ್ರಪದ ಮಾಸ, ೨೦೧೭

ಇವರಿಗೆ,
ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ಗಂಟು ಕಟ್ಟಿ ಜಗತ್ತಿಗೆಲ್ಲ ಹಂಚುವ ಯಂತ್ರ ಮಹಾಶಯರು,
ಮುಕ್ಕಾಂ: ನನ್ನ ಮೊಮ್ಮಗಳ ಲ್ಯಾಪ್‌ಟಾಪು.

ಮಾನ್ಯರೇ,

ತಮ್ಮ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ನನ್ನ ಮೊಣಕಾಲು ಬಗ್ಗದ ಕಾರಣ ಈ ಸಾಷ್ಟಾಂಗವನ್ನು ಕುರ್ಚಿಯ ಮೇಲೆ ಕುಳಿತೇ ಮಾಡಿದ್ದೇನೆ. ತಮಗೆ ಪಾದಗಳೇ ಇಲ್ಲದ ಕಾರಣ ಯಾವ ಕಡೆ ಮುಖ ಮಾಡಬೇಕೆಂದು ತಿಳಿಯದೆ ಚಾರ್ಜರ್ ಹಚ್ಚಿದ ಗೋಡೆಯ ಕಡೆ ಮಾಡಿದ್ದೇನೆ, ಮುಟ್ಟಿರಬೇಕು. ತಾವೂ, ತಮ್ಮನ್ನು ಹುಟ್ಟಿಸಿದವರೂ, ತಮ್ಮ ಹೊಟ್ಟೆಗೆ ಕರೆಂಟು ಹಾಕುವವರೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ, ಆದರೆ ತಮ್ಮ ದಯೆಯಿಂದ ಈ ಸಲದ ಶ್ರಾವಣದಲ್ಲಿ ನಮ್ಮ ಮನೆಗೆ ಬಂದದ್ದನ್ನು ಕ್ಷೇಮ ಎಂದು ಬರೆದರೆ ಪೆನ್ನು ಕೂಡ ನಗುತ್ತದೆ.

ನಾನು ಚನ್ನವ್ವ. ಕನ್ನಡ ಶಾಲೆಯ ಮೂರನೇ ಇಯತ್ತೆಯವರೆಗೆ ಓದಿ, ಮುಂದೆ ತಂಬಾಕಿನ ಹೊಲಕ್ಕೂ, ಅಲ್ಲಿಂದ ಗಂಡನ ಮನೆಗೂ ಬಡ್ತಿ ಪಡೆದವಳು. ಅಕ್ಷರ ಸೊಟ್ಟ ಇದ್ದಲ್ಲಿ ಸಹಿಸಿಕೊಳ್ಳಬೇಕು. ತಾವು ಬರೆದುಕೊಟ್ಟದ್ದನ್ನೆಲ್ಲ ಪೂರ್ತಿ ಓದುವವರಲ್ಲ ಎಂಬ ಒಂದು ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ನನ್ನ ಮಗ ಬಾಪುಸಾಹೇಬನ ಮಗಳು ಪ್ರಾಜಕ್ತಾ ನಿಪ್ಪಾಣಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದು, ಕೈಕಾಲು ತೊಳೆದುಕೊಂಡು, ದೇವರಿಗಿಂತ ಮೊದಲು ತಮ್ಮ ಮುಂದೆ ಕೂರುವ ಹುಡುಗಿ. ಅವಳಿಗೆ ಅಥಣಿ ತಾಲೂಕಿನ ಅನಂತಪುರದ ಸಿದ್ದಲಿಂಗನ ಜತೆ ಮದುವೆ ಗಟ್ಟಿಯಾಗಿ, ಸಾಖರಪುಡಾ ಎಂಬ ನಿಶ್ಚಿತಾರ್ಥವೂ ಮುಗಿದು, ದೀಪಾವಳಿ ಆದಮೇಲೆ ಮುಹೂರ್ತ ನೋಡುವುದೆಂದು ಮಾತಾಗಿತ್ತು. ಹುಡುಗ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಕಂಪ್ಯೂಟರು ನೋಡಿಕೊಳ್ಳುತ್ತಾನೆ. ಮನೆಯಲ್ಲಿ ದ್ರಾಕ್ಷಿ ತೋಟ. ಒಬ್ಬರಿಗೊಬ್ಬರು ತಾವೇ ಮೆಚ್ಚಿಕೊಂಡದ್ದು, ನಾವು ಹಿರಿಯರು ಆಮೇಲೆ ಮೆಚ್ಚಿದೆವು. ಹುಡುಗನ ತಾಯಿಯ ಹೆಸರು ಸುಂದ್ರವ್ವ. ಈ ಹೆಸರನ್ನು ನೆನಪಿಟ್ಟುಕೊಳ್ಳಿರಿ, ಯಾಕೆಂದರೆ ತಾವು ಕಟ್ಟಿ ಹಂಚಿದ ಗಂಟಿನಲ್ಲಿ ಇದು ಮೇಲಿಂದ ಮೇಲೆ ಬರುತ್ತದೆ.

ತಾವು ಅವಿವಾಹಿತರೆಂದು ಭಾವಿಸಿ ನಮ್ಮ ಕಡೆಯ ಒಂದು ಪದ್ಧತಿಯನ್ನು ತಿಳಿಸುತ್ತೇನೆ. ಇಲ್ಲಿ ಹೆಂಗಸರು ಗಂಡನ ಹೆಸರನ್ನು ಬೋಳಾಗಿ ಬಾಯಿಂದ ತೆಗೆಯುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ತೊಟ್ಟಿಲಲ್ಲೋ ನಾಲ್ಕು ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳು ಎಂದು ಹಟ ಹಿಡಿದಾಗ, ಎರಡು ಸಾಲಿನ ಒಡಪು ಕಟ್ಟಿ, ಸೀರೆಯ ಮಡಿಕೆಯಲ್ಲಿ ಎಲೆಯಡಿಕೆ ಇಟ್ಟ ಹಾಗೆ ಅದರೊಳಗೆ ಹೆಸರು ಇಟ್ಟು ಹೇಳಬೇಕು. ಮರಾಠಿಯವರು ಇದನ್ನೇ ಉಖಾಣೆ ಎನ್ನುತ್ತಾರೆ, ನಮ್ಮ ಮನೆಗಳಲ್ಲಿ ಎರಡೂ ನಡೆಯುತ್ತವೆ. ನಮೂನೆಗೆ ನನ್ನದೇ ಒಂದನ್ನು ಬರೆಯುತ್ತೇನೆ:

ತಂಬಾಕದ ಘಾಟಿಗೆ ಕಣ್ತುಂಬ ನೀರ,
ಮುರಗೆಪ್ಪನವರ ಸಿಟ್ಟಿಗೆ ಅಂಜಿ ಮರತೆ ನಾ ತೌರ.

ನಮ್ಮಿಬ್ಬರಲ್ಲಿ ಸಿಟ್ಟು ಯಾರದು, ಅಂಜಿಕೆ ಯಾರದು ಎಂಬುದು ಊರಿಗೆಲ್ಲ ಗೊತ್ತಿದ್ದರಿಂದ ಈ ಒಡಪಿಗೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಮ್ಮ ಯಜಮಾನರೂ ಹೊರಗೆ ಕಟ್ಟೆಯ ಮೇಲೆ ಕುಳಿತು ಕೇಳಿಸದವರ ಹಾಗೆ ಮೀಸೆ ತಿರುವುತ್ತಿದ್ದರು. ಇಂಥವು ನನ್ನ ಹತ್ತಿರ ಒಂದು ಬಂಡಿ ಇವೆ. ಆದರೆ ಗಂಡ ತೀರಿಹೋದವಳಿಗೆ ಹೆಸರು ಹೇಳೆಂದು ಯಾರೂ ಕೇಳುವುದಿಲ್ಲ, ಕೇಳಬಾರದಂತೆ. ಅವರು ಹೋದ ಮೇಲೆ ನಾನು ಎಷ್ಟೋ ಮದುವೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಮಂದಿಯ ಅರೆಬೆಂದ ಒಡಪುಗಳನ್ನು ಕೇಳಿ, ಬಾಯಿ ಮುಚ್ಚಿಕೊಂಡು ಮನೆಗೆ ಬಂದಿದ್ದೇನೆ. ಬಾಯಿ ಮುಚ್ಚುವುದು ನನಗೆ ಎಷ್ಟು ತ್ರಾಸಿನ ಕೆಲಸವೆಂಬುದು ಇಷ್ಟು ಓದಿದ ಮೇಲೆ ತಮಗೂ ತಿಳಿದಿರಬೇಕು.

ಇಂಥದ್ದರಲ್ಲಿ ಒಂದು ದಿನ ಪ್ರಾಜಕ್ತಾ ನನ್ನ ಮುಂದೆ ಮೊಬೈಲು ಹಿಡಿದು ಕುಳಿತು, ಹೆಸರು ಹೇಳು ಆಯಿ ಎಂದಳು. ಈಗಿನ ಹುಡುಗಿಯರಿಗೆ ಒಡಪು ಬರುವುದಿಲ್ಲ, ಬಾಗಿಲಲ್ಲಿ ನಿಂತು ಫೋನಿನಲ್ಲಿ ಹುಡುಕಿ ಪರೀಕ್ಷೆಯ ಕಾಪಿ ಹೊಡೆದ ಹಾಗೆ ಓದುತ್ತಾರೆ. ಅದಕ್ಕೆ ಗಂಡನ ಹೆಸರು ಹಾಕಿದರೆ ಒಡಪು ಹೊರಗೆ ಬರುವಂಥ ಒಂದು ಸಣ್ಣ ಪ್ಯಾಕೇಜು ಬರೆಯುತ್ತೇನೆ, ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ವೆಬ್‌ಸೈಟಿಗೆ ಹಚ್ಚಿಕೊಳ್ಳಬಹುದು, ಮಾತೆಲ್ಲ ನಿನ್ನದು, ಹೊಲಿಗೆ ನನ್ನದು ಎಂದಳು. ವರ್ಷಗಟ್ಟಲೆ ಯಾರೂ ಕೇಳದ ಮಾತನ್ನು ಕೇಳಿಸಿಕೊಂಡ ನಾನು ನಲ್ಲಿ ಬಿಟ್ಟ ಹಾಗೆ ಹೇಳತೊಡಗಿದೆ.

ಹೇಳುವಾಗ ಬರೀ ಒಡಪು ಹೇಳಲು ನಾನೇನು ತಮ್ಮ ಹಾಗೆ ಯಂತ್ರವೇ? ಒಂದು ಒಡಪಿಗೆ ನಾಲ್ಕು ಮಾತು ಆಡಿದೆ. ಪಂಚಮಿಯ ಮರುದಿನ ಅದು, ಅನಂತಪುರದ ಬೀಗರು ಸೊಸೆಯಾಗುವವಳಿಗೆಂದು ಕಳಿಸಿದ ಶೇಂಗಾ ಉಂಡಿ ತಾಟಿನಲ್ಲಿ ಎದುರಿಗೇ ಇತ್ತು. ಈ ಉಂಡಿಯನ್ನು ಗೋಡೆಗೆ ಹೊಡೆದರೆ ಗೌಂಡಿಯನ್ನು ಕರೆಸಬೇಕಾಗುತ್ತದೆ ಎಂದೆ. ಸಾಖರಪುಡಾದಲ್ಲಿ ಸುಂದ್ರವ್ವ ಹೆಸರು ಹೇಳಲು ಎದ್ದು, ಗಂಡನ ಹೆಸರು ಮುಟ್ಟುವ ಮೊದಲೇ ಒಡಪು ಮರೆತು ನಿಂತಾಗ ಗಾಡಿ ನಡುದಾರಿಯಲ್ಲಿ ಪಂಚರ್ ಆಯಿತು ಎಂದೆ. ಆ ಮನೆಯವರು ಚಹಾಕ್ಕೆ ಹಾಕುವ ನೀರನ್ನು ತೋಟಕ್ಕೆ ಬಿಟ್ಟಿದ್ದರೆ ಇನ್ನೂ ಒಂದು ಎಕರೆ ದ್ರಾಕ್ಷಿ ಬರುತ್ತಿತ್ತು ಎಂದೂ ಅಂದೆ. ಇವು ಪಡಸಾಲೆಯ ಮಾತು, ಎಲ್ಲ ಮನೆಯಲ್ಲೂ ಆಡುತ್ತಾರೆ. ಅನಂತಪುರದಲ್ಲಿ ನನ್ನ ಬಗ್ಗೆ ಏನಾಡಿದರು ಎಂದು ನಾನು ಕೇಳಲು ಹೋಗಿರಲಿಲ್ಲ.

ಹುಡುಗಿ ಜಾಣೆ. ರೆಕಾರ್ಡು ಮಾಡಿದ್ದನ್ನೆಲ್ಲ ದನಿ ಎಂಬ ಒಂದು ಫೋಲ್ಡರಿನಲ್ಲಿ ಇಟ್ಟು, ಒಡಪುಗಳನ್ನಷ್ಟೇ ಆರಿಸಿ ಬೇರೆ ಫೈಲಿನಲ್ಲಿ ಬರೆದಳು. ಅವಳ ಕೆಲಸವನ್ನೆಲ್ಲ ಜೋಪಾನ ಮಾಡುವ ಗಿಟ್ ಎಂಬ ಇನ್ನೊಬ್ಬ ಕಾರಕೂನನಿದ್ದಾನೆ, ಅವನಿಗೆ ಏನೇನು ಮುಟ್ಟಬಾರದು ಎಂದು ಒಂದು ಬಿಡುವ ಪಟ್ಟಿ ಬರೆದುಕೊಟ್ಟಿದ್ದಳು. ದನಿ ಫೋಲ್ಡರ್ ಆ ಪಟ್ಟಿಯಲ್ಲಿ ಮೊದಲಿಗೇ ಇತ್ತು. ತಮಗೆಂದೇ ಬೇರೆ ಪಟ್ಟಿ ಇಲ್ಲದಿದ್ದಾಗ ತಾವು ಗಿಟ್‌ನ ಪಟ್ಟಿಯನ್ನೇ ಓದಿ ಅದರಂತೆ ನಡೆಯುತ್ತೀರಂತೆ. ಅಲ್ಲಿಯವರೆಗೆ ತಮ್ಮಂಥ ಸಂಭಾವಿತರು ಇಲ್ಲ.

ಆದರೆ ಗಂಟು ಕಟ್ಟುವ ಹೊತ್ತಿಗೆ ಪ್ರಾಜಕ್ತಾ, ಪರೀಕ್ಷೆಗೆಂದು ಬರೆದ ಫೈಲುಗಳೂ ತನ್ನ ಟಿಪ್ಪಣಿಗಳೂ ಮಂದಿಗೆ ಯಾಕೆ ಬೇಕು ಎಂದು ಯೋಚಿಸಿ, ತಮ್ಮ ಹೆಸರಿನಲ್ಲಿಯೇ ಇನ್ನೊಂದು ಬಿಡುವ ಪಟ್ಟಿ ಬರೆದಳು. ಅಷ್ಟೇ ನೆವ ಸಾಕಾಯಿತು. ಹೊಸ ಪಟ್ಟಿ ಕಂಡದ್ದೇ ತಾವು ಹಳೆಯ ಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಸೊಸೆ ಹೊಸಿಲು ತುಳಿದ ದಿನವೇ ಅತ್ತೆಯ ಮಾತು ರದ್ದಾಗುವ ಮನೆಗಳು ನಮ್ಮಲ್ಲಿಯೂ ಇವೆ, ಆದರೆ ಅವರೂ ನಾಚಿಕೆಗೆಂದು ಒಂದೆರಡು ತಿಂಗಳು ತಡೆಯುತ್ತಾರೆ. ದನಿ ಫೋಲ್ಡರ್ ಹೊಸ ಪಟ್ಟಿಯಲ್ಲಿ ಇರಲಿಲ್ಲವಾಗಿ ನನ್ನ ಬಾಯಿ ಇದ್ದಕ್ಕಿದ್ದಂತೆ ಗಂಟಿಗೆ ಬಿತ್ತು. ಇನ್ನು ಟಿಪ್ಪಣಿಗಳಿಗೆಲ್ಲ ಟಿಎಕ್ಸ್‌ಟಿ ಎಂಬ ಬಾಲವಿತ್ತಾದ್ದರಿಂದ, ಆ ಬಾಲ ಇದ್ದದ್ದನ್ನೆಲ್ಲ ಬಿಡು ಎಂದು ಬರೆದಿದ್ದಳು. ಒಡಪುಗಳ ಫೈಲಿಗೂ ಅದೇ ಬಾಲವೆಂಬುದು ಅವಳಿಗೆ ಹೊಳೆಯಲಿಲ್ಲ, ತಾವು ಬಾಲ ನೋಡುವವರು, ಮುಖ ನೋಡುವವರಲ್ಲ. ನನ್ನ ಒಡಪುಗಳೆಲ್ಲ ಮನೆಯಲ್ಲಿ ಉಳಿದವು.

ಇಷ್ಟಾದರೂ ಆ ದನಿ ಯಾರದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಗಂಟಿನ ಜತೆ ಪರಿಚಯದ ಕಾಗದ ಒಂದು ಇರುತ್ತದಂತೆ, ಅದನ್ನು ಬೇಡವೆಂದರೂ ತಾವು ಬಿಡುವುದಿಲ್ಲವಂತೆ, ತಪ್ಪದೆ ಒಯ್ಯುತ್ತೀರಂತೆ. ಅದರಲ್ಲಿ ಹುಡುಗಿ ಪ್ರೀತಿಯಿಂದ, ಇದರೊಳಗಿನ ಮಾತೆಲ್ಲ ಬೇಡಕಿಹಾಳದ ನಮ್ಮ ಆಯಿ ಚನ್ನವ್ವನದು ಎಂದು ಬರೆದಿದ್ದಳು. ತಾವು ಕಳ್ಳಮಾಲನ್ನು ಮಾತ್ರವಲ್ಲ, ಮಾಲಕಿಯ ವಿಳಾಸವನ್ನೂ ತಲುಪಿಸುವ ಪ್ರಾಮಾಣಿಕರು.

ಪಬ್ಲಿಷ್ ಎಂದು ಅವಳು ಒತ್ತಿದಾಗ, ಒಳಗೆ ಏನೇನು ಹಾಕಿಕೊಂಡೆ ಎಂದು ತಾವು ಒಂದು ಮಾತು ಆಡಲಿಲ್ಲ. ಒಂದು ಕೂಡಿಸುವ ಗುರುತು, ಪ್ಯಾಕೇಜಿನ ಹೆಸರು, ಅದರ ನಂಬರು, ಇಷ್ಟು ತೋರಿಸಿ ಗಂಭೀರವಾಗಿ ಸುಮ್ಮನಾದಿರಿ. ನಾಲ್ಕು ಸಾಲು ಒಡಪಿನ ಗಂಟು ಇಷ್ಟು ಭಾರ ಯಾಕೆ ಎಂದು ಎಸ್‌ಟಿ ಬಸ್ಸಿನ ಕಂಡಕ್ಟರನೂ ಕೇಳುತ್ತಾನೆ. ತಾವು ದೊಡ್ಡವರು, ಕೇಳಲಿಲ್ಲ. ನಮ್ಮ ಮನೆಯಲ್ಲಿ ಒಡಪುಗಳ ಫೈಲು ಇದ್ದೇ ಇತ್ತಾದ್ದರಿಂದ ಇಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ನಾವು ಅಕ್ಕಪಕ್ಕದವರಿಗೆ ಚುರುಮುರಿ ಹಂಚಿ ಸಂಭ್ರಮ ಮಾಡಿದೆವು.

ಅನಂತಪುರದಲ್ಲಿ ಸಿದ್ದಲಿಂಗನೂ ಸಂಭ್ರಮ ಮಾಡಲು ಹೋದ. ಊಟದ ಹೊತ್ತಿನಲ್ಲಿ, ತೋಟದ ಕೆಲಸಕ್ಕೆ ಬಂದ ಹೆಂಗಸರೂ ಪಡಸಾಲೆಯಲ್ಲಿ ಕುಳಿತಿರುವಾಗ, ನಿನ್ನ ಸೊಸೆ ಮಾಡಿದ್ದು ನೋಡು ಅವ್ವಾ ಎಂದು ಪ್ಯಾಕೇಜು ಇಳಿಸಿ ತನ್ನ ಅಪ್ಪನ ಹೆಸರು ಹಾಕಿದ. ಒಡಪು ಇದ್ದರಲ್ಲವೇ ಬರುವುದು? ಎರಡು ಸಾಲು ಇರಬೇಕಾದಲ್ಲಿ ಏನೂ ಇಲ್ಲದೆ, ಸುಂದ್ರವ್ವನ ಗಂಡನ ಹೆಸರು ಒಂದೇ ಒಂದು, ರಸ್ತೆಯಲ್ಲಿ ಸಾಲ ಕೇಳುವವರು ಕೂಗಿದ ಹಾಗೆ, ಬೋಳಾಗಿ ಪರದೆಯ ಮೇಲೆ ಬಂದು ನಿಂತಿತು. ಆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಳಂತೆ. ಹುಡುಗ ಗಾಬರಿಯಾಗಿ, ಒಡಪು ಬೇರೆ ಕಡೆ ಇಟ್ಟಿರಬೇಕು ಎಂದು ಹುಡುಕಿ, ದನಿ ಎಂಬ ಫೋಲ್ಡರ್ ಕಂಡು, ಇಲ್ಲಿವೆ, ಆಯಿಯ ಬಾಯಿಂದಲೇ ಕೇಳೋಣ ಎಂದು ಪಂಚಮಿ ಎಂದು ಹೆಸರಿದ್ದದ್ದನ್ನು ಹಚ್ಚಿ, ಎಲ್ಲರಿಗೂ ಕೇಳಿಸಲೆಂದು ದನಿ ದೊಡ್ಡದು ಮಾಡಿದ.

ಮುಂದಿನದನ್ನು ತಾವೇ ಊಹಿಸಬಹುದು ಎಂದು ಬರೆಯುತ್ತಿದ್ದೆ, ಆದರೆ ಊಹಿಸುವುದು ತಮ್ಮ ಕೆಲಸವಲ್ಲ. ಕೆಲವು ದಿನ ಬಿಟ್ಟು ಮಧ್ಯಸ್ಥ ಕಾಮಣ್ಣ ನಮ್ಮ ಮನೆಗೆ ಬಂದು, ಚಹಾ ಬೇಡವೆಂದು, ಈ ವರ್ಷ ಬೀಗರಿಗೆ ತೋಟದ ಕೆಲಸ ಜಾಸ್ತಿ ಇರುವುದರಿಂದ ಮುಹೂರ್ತ ಮುಂದೆ ನೋಡೋಣ ಎಂದರು, ಎಂದ. ಕಾಮಣ್ಣ ಚಹಾ ಬೇಡವೆಂದಾಗಲೇ ನನಗೆ ಅರ್ಧ ತಿಳಿಯಿತು. ಉಳಿದ ಅರ್ಧ ಪ್ರಾಜಕ್ತಾಳ ಮುಖದಲ್ಲಿತ್ತು.

ಹುಡುಗಿ ನನ್ನನ್ನು ಬೈಯಲಿಲ್ಲ, ಅದೇ ನನಗೆ ಚುಚ್ಚಿದ್ದು. ತಮ್ಮನ್ನೂ ಬೈಯಲಿಲ್ಲ. ಯಂತ್ರದ ತಪ್ಪಿಲ್ಲ ಆಯಿ, ತಾನು ಹೀಗೆಯೇ ಮಾಡುತ್ತೇನೆಂದು ಅದು ಮೊದಲೇ ಬರೆದಿಟ್ಟಿದೆ, ನಾನು ಓದಲಿಲ್ಲ ಎಂದಳು. ಎಂಥ ಪುಣ್ಯವಂತರು ತಾವು. ಕಾಲು ತುಳಿಯುತ್ತೇನೆಂದು ಗೋಡೆಯ ಮೇಲೆ ಮೊದಲೇ ಬರೆದಿಟ್ಟವನು ಆಮೇಲೆ ಯಾರ ಕಾಲು ತುಳಿದರೂ ಸಜ್ಜನನೇ. ಸಂಜೆ ಅವಳು ಬಿಡುವ ಪಟ್ಟಿಯನ್ನು ಅಳಿಸಿ, ಅದರ ಬದಲು ಒಯ್ಯುವ ಪಟ್ಟಿ ಬರೆದಳು. ಇಂಥ ಇಂಥ ಫೈಲು ಮಾತ್ರ ಒಯ್ಯಿ, ಒಂದು ಪ್ರೋಗ್ರಾಂ, ಒಂದು ಒಡಪುಗಳ ಫೈಲು, ಬೇರೆ ಏನು ಕಂಡರೂ ನಿನಗೆ ಸಂಬಂಧವಿಲ್ಲ ಎಂದು. ಕಳಿಸುವ ಮೊದಲು ಗಂಟನ್ನು ಮನೆಯಲ್ಲೇ ಕಟ್ಟಿ, ಬಿಚ್ಚಿ, ಒಳಗೆ ನೋಡಿದಳು. ಆಗ ತಾವು ಕುರಿಮರಿಯ ಹಾಗೆ ಹೇಳಿದಷ್ಟನ್ನೇ ಒಯ್ದಿರಿ.

ಇದನ್ನು ನೋಡಿ ನನಗೆ ಬೀಗರ ಮನೆಗೆ ಬುತ್ತಿ ಕಟ್ಟುವುದು ನೆನಪಾಯಿತು. ರೊಟ್ಟಿ ಇಡು, ಎಣ್ಣೆಗಾಯಿ ಇಡು, ಶೇಂಗಾ ಚಟ್ನಿ ಇಡು ಎಂದು ಹಿರಿಯಳು ಹೆಸರು ಹಿಡಿದು ಹೇಳುತ್ತಾಳೆ, ಕಿರಿಯಳು ಇಡುತ್ತಾಳೆ. ಕಸಬರಿಗೆ ಇಡಬೇಡ, ಒನಕೆ ಇಡಬೇಡ, ಮಾವನ ಚಪ್ಪಲಿ ಇಡಬೇಡ ಎಂದು ಯಾರೂ ಕೂಗುವುದಿಲ್ಲ, ಕೂಗುತ್ತ ಕುಳಿತರೆ ಬಸ್ಸು ಹೋಗುತ್ತದೆ. ಆದರೆ ತಮ್ಮ ಬಿಡುವ ಪಟ್ಟಿಯಲ್ಲಿ ಚಪ್ಪಲಿಯ ಹೆಸರು ಹೇಳಲು ಮರೆತರೆ ಸಾಕು, ತಾವು ಅದನ್ನು ರೊಟ್ಟಿಯ ಮೇಲೆಯೇ ಇಟ್ಟು ಕಟ್ಟುತ್ತೀರಿ.

ಹೊಸ ಗಂಟೇನೋ ಸರಿಹೋಯಿತು. ಹಳೆಯದನ್ನು ಹಿಂದೆ ತೆಗೆದುಕೊಳ್ಳೋಣವೆಂದರೆ, ಒಂದು ದಿನದೊಳಗೆ ಕೇಳಿದ್ದರೆ ಆಗುತ್ತಿತ್ತು, ಈಗ ತಮ್ಮ ಧಣಿಗಳಿಗೆ ಅರ್ಜಿ ಹಾಕಬೇಕು ಎಂದಾಯಿತು. ಅರ್ಜಿ ಹಾಕಿದ್ದಾಳೆ. ಅಷ್ಟರಲ್ಲಿ ಅದನ್ನು ಎಲ್ಲೆಲ್ಲಿಯವರೋ ಇಳಿಸಿಕೊಂಡಿದ್ದಾರಂತೆ, ಅವರಲ್ಲಿ ಹೆಚ್ಚಿನವರು ಮನುಷ್ಯರೇ ಅಲ್ಲ, ಬಂದದ್ದನ್ನೆಲ್ಲ ನಕಲು ಮಾಡಿ ಇಟ್ಟುಕೊಳ್ಳುವ ತಮ್ಮ ಜಾತಿಯ ಯಂತ್ರಗಳಂತೆ. ಗಂಡನಿಲ್ಲದ, ಹಲ್ಲಿಲ್ಲದ, ಉಂಡಿಯ ರುಚಿ ಗೊತ್ತಿಲ್ಲದ ಆ ಮಹನೀಯರೆಲ್ಲ ಈಗ ಸುಂದ್ರವ್ವನ ಉಂಡಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಕಾಪಾಡಿಕೊಂಡು ಕುಳಿತಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ತಾವು ಇಳಿಸಿಕೊಟ್ಟ ಮನೆಗಳಿಗೆಲ್ಲ ತಾವೇ ನಡೆದುಹೋಗಿ, ಬಾಗಿಲು ಬಡಿದು, ತಪ್ಪಾಯಿತು ಎಂದು ಹೇಳಿ ನನ್ನ ದನಿಯನ್ನು ವಾಪಸು ತರಬೇಕು. ಬರುವಾಗ ಅನಂತಪುರಕ್ಕೂ ಹೋಗಿ, ನಾಲ್ಕು ಮಂದಿಯ ಮುಂದೆ ಸುಂದ್ರವ್ವನ ಒಂದು ಉಂಡಿ ತಿಂದು, ಬೆಣ್ಣೆಯಂತಿದೆ ಎಂದು ಸಾಕ್ಷಿ ಹೇಳಬೇಕು. ಇನ್ನು ಮುಂದೆ ಯಾವ ಮನೆಯ ಗಂಟು ಎತ್ತುವಾಗಲೂ, ಒಳಗೆ ಬರುವ ಗಂಡಸರು ಹೊಸಿಲಲ್ಲಿ ಕೆಮ್ಮುವ ಹಾಗೆ, ತಾವು ಒಮ್ಮೆ ಕೆಮ್ಮಬೇಕು. ಇದ್ಯಾವುದೂ ಆಗದಿದ್ದರೆ, ತಮ್ಮನ್ನು ಹುಟ್ಟಿಸಿದವರು ಊಟದ ಹೊತ್ತಿನಲ್ಲಿ ತಮ್ಮ ತಮ್ಮ ಬೀಗರ ಬಗ್ಗೆ ಆಡಿದ ಮಾತನ್ನು ಒಂದು ಪ್ಯಾಕೇಜು ಮಾಡಿ ನಮಗೂ ಕಳಿಸಬೇಕು. ನಾವು ಭಾರ ಎಷ್ಟೆಂದು ಕೇಳುವುದಿಲ್ಲ.

ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಿನ್ನೆ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಒಂದು ಟಂಟಂ ರಿಕ್ಷಾ ಬಂದು ನಿಂತು, ಅದರಿಂದ ಸುಂದ್ರವ್ವ ಒಬ್ಬಳೇ ಇಳಿದಳು. ಕೈಯಲ್ಲಿ ಸ್ಟೀಲಿನ ಡಬ್ಬಿ. ಒಳಗೆ ಬಂದು, ಕುಳಿತು, ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಸರಿಸಿದಳು. ಉಂಡಿ.

"ಇವನ್ನೂ ಗ್ವಾಡಿಗೆ ಹೊಡದು ನೋಡ್ರಿ, ಅವ್ವಾರ," ಎಂದಳು.

ಪ್ರಾಜಕ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಒಂದು ಉಂಡಿ ತೆಗೆದುಕೊಂಡು ಕಚ್ಚಿದೆ. ಮಾನ್ಯರೇ, ತಮ್ಮ ಮುಂದೆ ಸುಳ್ಳು ಹೇಳಿ ಫಲವಿಲ್ಲ, ಮೊದಲಿನಷ್ಟೇ ಗಟ್ಟಿ ಇತ್ತು. ಆದರೂ ಪೂರ್ತಿ ತಿಂದೆ, ಇನ್ನೊಂದನ್ನೂ ತೆಗೆದುಕೊಂಡೆ. ಸುಂದ್ರವ್ವ ನನ್ನ ದವಡೆಯನ್ನೇ ನೋಡುತ್ತ ಕುಳಿತಿದ್ದವಳು, ಎರಡನೆಯದು ಮುಗಿಯುವ ಹೊತ್ತಿಗೆ ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದಳು. ಆಮೇಲೆ ಹೇಳಿದಳು. ಸಿಟ್ಟಿನಲ್ಲಿ ಮೊದಲ ದಿನ ನನ್ನ ದನಿಯನ್ನು ಅರ್ಧಕ್ಕೇ ಬಂದ್ ಮಾಡಿಸಿದ್ದಳಂತೆ. ಇನ್ನೂ ಏನೇನು ಅಂದಿದ್ದಾಳೋ ಮುದುಕಿ ಎಂದು, ಮಗ ಕಾಟಾಕ್ಕೆ ಹೋದಾಗ ಅವನ ಕಂಪ್ಯೂಟರು ತೆರೆಸಿ, ದಿನಾ ಸ್ವಲ್ಪ ಸ್ವಲ್ಪ ಹಚ್ಚಿ, ಪೂರ್ತಿ ಕೇಳಿದಳಂತೆ. ಬೈಗುಳಗಳ ನಡುನಡುವೆ ಒಡಪುಗಳೂ ಇದ್ದವಲ್ಲ, ಅವನ್ನೂ ಕೇಳಿದಳಂತೆ. ತಾವು ಬಾಲ ಹಿಡಿದು ಮನೆಯಲ್ಲಿ ಬಿಟ್ಟುಹೋದದ್ದು ನನ್ನ ಬಾಯಲ್ಲೇ ಅಡಗಿ ಗಂಟಿನಲ್ಲಿ ಕುಳಿತು ಅನಂತಪುರ ಮುಟ್ಟಿತ್ತು. ತಮಗೆ ಅದು ಇವತ್ತಿಗೂ ಗೊತ್ತಿಲ್ಲ.

ಚಹಾ ಬಂತು. ಅದನ್ನು ಕುಡಿದು, ನೀರು ಕಡಿಮೆ ಹಾಕಿದ್ದೀರಿ, ಹೊಲಕ್ಕೆ ಬಿಟ್ಟಿರಬೇಕು ಎಂದಳು. ಆಡಿದ ಮಾತಿಗೆ ಬೆಲೆ ತೆರಲೇಬೇಕಾಗಿತ್ತು, ಇನ್ನೊಂದು ಕಪ್ಪು ತರಿಸಿ ಮುಂದಿಟ್ಟೆ. ಮುಹೂರ್ತ ದೀಪಾವಳಿಯ ಮೇಲೆಯೇ ಎಂದು ಪ್ರಾಜಕ್ತಾಳ ಕಡೆ ನೋಡಿ ಹೇಳಿ, ಎದ್ದು ಸೆರಗು ಸರಿಮಾಡಿಕೊಂಡು, ಹೊಸಿಲ ಮೇಲೆ ನಿಂತು ನನ್ನ ಕಡೆ ತಿರುಗಿದಳು.

"ಮದವ್ಯಾಗ ಬಾಗಲಾ ತಡದು ನಿಮಗ ಹೆಸರ ಕೇಳಾಕಿ ನಾನು. ಕೇಳಬಾರದು ಅಂತ ಯಾರರ ಅಂದ್ರ, ಅವರಿಗೆ ಆ ದನಿ ಹಚ್ಚಿ ಕೇಳಸ್ತೀನಿ. ನಡುವ ಮರತ್ರ ಮಾತ್ರ, ಪಂಚರ್ ಆತು ಅಂತ ಮಂದಿ ಮುಂದ ನಾನ ಒದರ್ತೀನಿ."

ನಾನು ಡಬ್ಬಿಯಿಂದ ಮೂರನೆಯ ಉಂಡಿಯನ್ನೂ ತೆಗೆದು ಬಾಯಿಗೆ ಹಾಕಿಕೊಂಡೆ, ಇದನ್ನು ಯಾರಿಗೂ ಹೇಳಬಾರದೆಂದು ತಮಗೆ ಕೈಮುಗಿದು ಕೇಳುತ್ತೇನೆ. ಟಂಟಂ ಹೋದಮೇಲೂ ನಾನು ಡಬ್ಬಿ ಹಿಡಿದು ಕುಳಿತೇ ಇದ್ದೆ.

ಇದರಿಂದ ತಮ್ಮ ತಪ್ಪು ತೀರಿತೆಂದು ತಿಳಿಯಬಾರದು. ಜೋಡಿಸಿದ್ದು ಸುಂದ್ರವ್ವ, ತಾವು ಮುರಿದವರು. ಅದಕ್ಕೆ ನನ್ನ ವಿನಂತಿಯಲ್ಲಿ ಒಂದು ತಿದ್ದುಪಡಿ ಇದೆ. ಹಳೆಯ ಗಂಟಿನ ಪ್ರತಿಗಳನ್ನೆಲ್ಲ ವಾಪಸು ತರುವಾಗ ಅನಂತಪುರದ ಒಂದು ಪ್ರತಿಯನ್ನು ಮಾತ್ರ ಅಲ್ಲಿಯೇ ಬಿಡಬೇಕು. ಬಿಡುವ ಪಟ್ಟಿಯಲ್ಲಿ ಇದೊಂದೇ ಹೆಸರು, ಒಂದು ಸಲ ಓದಿದರೂ ನೆನಪಿರುತ್ತದೆ. ತಮ್ಮ ಹೊಟ್ಟೆ ತುಂಬಿರಲಿ, ತಮ್ಮ ಕರೆಂಟು ಹೋಗದಿರಲಿ, ತಮ್ಮ ಮನೆಯ ಮಾತು ತಮ್ಮ ಮನೆಯಲ್ಲಿಯೇ ಉಳಿಯಲಿ ಎಂದು ಹಾರೈಸುತ್ತ,

ತಮ್ಮ ಗಂಟಿನಲ್ಲಿ ಹೇಳದೆ ಕೇಳದೆ ಊರೂರು ತಿರುಗಿದ,
ತಮ್ಮ ವಿಶ್ವಾಸಿ,
ಚನ್ನವ್ವ, ಬೇಡಕಿಹಾಳ

ತಾ.ಕ.: ಮದುವೆಯ ಬಾಗಿಲಲ್ಲಿ ಹೇಳುವ ಒಡಪನ್ನು ರಾತ್ರಿಯೇ ಕಟ್ಟಿ ಮುಗಿಸಿದ್ದೇನೆ. ಅವರ ಹೆಸರು ಎರಡನೆಯ ಸಾಲಿನಲ್ಲಿ ಬರುತ್ತದೆ, ಮೊದಲನೆಯ ಸಾಲಿನಲ್ಲಿ ಉಂಡಿ ಇದೆ. ಅದನ್ನು ಯಾವ ಫೈಲಿನಲ್ಲೂ ಬರೆದಿಲ್ಲ, ಯಾವ ಮೊಬೈಲಿಗೂ ಹೇಳಿಲ್ಲ, ಪ್ರಾಜಕ್ತಾ ಕೇಳಿದರೂ ಹೇಳಿಲ್ಲ, ಈ ಪತ್ರದ ಜತೆ ಲಗತ್ತಿಸಿಯೂ ಇಲ್ಲ. ತಮಗೆ ಬೇಕಾದರೆ ಮದುವೆಗೆ ಬರಬೇಕು. ಒಳಗೆ ಬರುವ ಮೊದಲು ಕೆಮ್ಮುವುದನ್ನು ಮರೆಯಬಾರದು.